ಜಾತ್ರೆಯ ಕಸ ಹುಟ್ಟುವುದು ಸಾಮಾನು ಪಟ್ಟಿಯಲ್ಲಿ

ಕರಾವಳಿಯಲ್ಲಿ ಕಾರ್ಯಕ್ರಮಗಳಿಗೂ ಒಂದು ಋತು ಇದೆ. ದೀಪಾವಳಿ ಕಳೆಯುತ್ತಿದ್ದಂತೆ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ, ಕಂಬಳದ ಕೋಣಗಳು ಓಡುವ ಕರೆಗೆ ನೀರು ಬಿಡುತ್ತಾರೆ, ಕೋಲ, ನೇಮ, ಆಯನ, ಬ್ರಹ್ಮಕಲಶ, ಉರೂಸ್, ಚರ್ಚಿನ ವಾರ್ಷಿಕ ಹಬ್ಬ, ನಡುವೆ ಲೆಕ್ಕವಿಲ್ಲದಷ್ಟು ಮದುವೆ. ತುಳುವರ ಬೇಶ ತಿಂಗಳ ಹತ್ತನೇ ದಿನ, ಅಂದರೆ ಮೇ ಕೊನೆಯ ಹೊತ್ತಿಗೆ, ಪತ್ತನಾಜೆ ಬಂತೆಂದರೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಅದಾಗಿ ಹೆಚ್ಚುಕಮ್ಮಿ ಎರಡು ವಾರಕ್ಕೆ ಮಳೆ.

ಕಸದ ಲೆಕ್ಕದಲ್ಲಿ ಇದಕ್ಕಿಂತ ಕೆಟ್ಟ ಹೊಂದಾಣಿಕೆ ಇಲ್ಲ. ಆರು ತಿಂಗಳು ಗದ್ದೆಯ ಮೂಲೆ, ರಸ್ತೆಯ ಬದಿ, ಸಭಾಭವನದ ಹಿತ್ತಲಲ್ಲಿ ಉಳಿದ ಲೋಟ, ಚಮಚ, ಕವರುಗಳನ್ನೆಲ್ಲ ಮೊದಲ ಮಳೆ ಎತ್ತಿ ತೋಡಿಗೆ ಹಾಕುತ್ತದೆ. ತೋಡಿನಿಂದ ನೇತ್ರಾವತಿ, ಫಲ್ಗುಣಿ, ಸ್ವರ್ಣಾ, ಸೀತಾ. ಅಲ್ಲಿಂದ ಅಳಿವೆ, ಸಮುದ್ರ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ. ಆಗಸ್ಟಿನಲ್ಲಿ ಮತ್ತೆ ಬಲೆ ಬೀಸಿದಾಗ ಬಂಗುಡೆಯ ಜೊತೆ ಏನೇನು ಮೇಲೆ ಬರುತ್ತದೆ ಎಂದು ಮಲ್ಪೆಯಲ್ಲೋ ಬಂದರಿನ ಧಕ್ಕೆಯಲ್ಲೋ ಯಾರನ್ನಾದರೂ ಕೇಳಿ ನೋಡಿ.

ಹಾಗಾಗಿ ಈಗ ಪಂಚಾಯತಿಯಿಂದ ಹಿಡಿದು ದೇವಸ್ಥಾನದ ಸಮಿತಿಯವರೆಗೆ ಎಲ್ಲರ ಬಾಯಲ್ಲೂ ‘ಪ್ಲಾಸ್ಟಿಕ್ ಮುಕ್ತ ಕಾರ್ಯಕ್ರಮ’ ಎಂಬ ಮಾತು. ಆದರೆ ಯಾವ ಪ್ಲಾಸ್ಟಿಕ್, ಯಾಕೆ ಬೇಡ, ಬದಲಿಗೆ ಏನು ಎಂಬಲ್ಲಿಗೆ ಬಂದಾಗ ಸಭೆಯಲ್ಲಿ ಗೊಂದಲ ಶುರುವಾಗುತ್ತದೆ.

## ಏಕಬಳಕೆ ಅಂದರೆ ಯಾವುದು?

ಮನೆಯಲ್ಲಿರುವ ಪ್ಲಾಸ್ಟಿಕ್ ಕೊಡವೂ ಪ್ಲಾಸ್ಟಿಕ್ಕೇ, ಪಾಯಸದ ಪುಟ್ಟ ಕಪ್ಪೂ ಪ್ಲಾಸ್ಟಿಕ್ಕೇ. ಕೊಡ ಹತ್ತು ವರ್ಷ ನೀರು ಹೊರುತ್ತದೆ. ಕಪ್ಪಿನ ಕೆಲಸ ಮೂರು ನಿಮಿಷಕ್ಕೆ ಮುಗಿಯುತ್ತದೆ. ಪಾಯಸ ಚೆನ್ನಾಗಿದ್ದರೆ ಎರಡೇ ನಿಮಿಷ. ಎಸೆಯುವ ಮೊದಲು ಒಂದೇ ಸಲ ಬಳಸಲೆಂದೇ ತಯಾರಾದ ವಸ್ತುವನ್ನು ಕಾನೂನು ಏಕಬಳಕೆ ಪ್ಲಾಸ್ಟಿಕ್ ಎನ್ನುತ್ತದೆ. ಅಂದರೆ ಇಲ್ಲಿನ ಪ್ರಶ್ನೆ ವಸ್ತುವಿನದ್ದಷ್ಟೇ ಅಲ್ಲ, ಬಳಕೆಯದ್ದು. ಹೊರೆಕಾಣಿಕೆಯ ಅಕ್ಕಿ ಬರುವ ನೇಯ್ದ ಪ್ಲಾಸ್ಟಿಕ್ ಚೀಲ ಆಮೇಲೆ ಅಡಿಕೆ ತುಂಬಲು, ಗೊಬ್ಬರ ಹೊರಲು, ಕೊನೆಗೆ ಕಾಲೊರೆಸಲು ಎಂದು ನಾಲ್ಕು ಜನ್ಮ ಕಾಣುತ್ತದೆ. ಅದನ್ನೂ ಪಾಯಸದ ಕಪ್ಪನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಾಗಿಲ್ಲ.

## ನಿಷೇಧ ಯಾವುದಕ್ಕಿದೆ, ಯಾವುದಕ್ಕಿಲ್ಲ

ಎರಡು ಆದೇಶಗಳು ಒಟ್ಟಿಗೆ ಇರುವುದರಿಂದ ಗೊಂದಲ.

ಮೊದಲನೆಯದು ರಾಜ್ಯದ್ದು, 2016ರ ಮಾರ್ಚ್ 11ರದ್ದು. ಕ್ಯಾರಿಬ್ಯಾಗ್, ಬ್ಯಾನರ್, ಬಂಟಿಂಗ್ಸ್, ಫ್ಲೆಕ್ಸ್, ಧ್ವಜ, ತಟ್ಟೆ, ಲೋಟ, ಚಮಚ, ಆಹಾರಕ್ಕೆ ಸುತ್ತುವ ತೆಳು ಹಾಳೆ ಮತ್ತು ಊಟದ ಮೇಜಿನ ಮೇಲೆ ಹಾಸುವ ಪ್ಲಾಸ್ಟಿಕ್ ರೋಲ್ ಅದರಲ್ಲಿವೆ. ಇವು ಥರ್ಮೋಕೋಲಿನವಾದರೂ ಅಷ್ಟೇ.

ಎರಡನೆಯದು ಕೇಂದ್ರದ್ದು. 2021ರ ಆಗಸ್ಟಿನಲ್ಲಿ ತಿದ್ದುಪಡಿ ತಂದು 2022ರ ಜುಲೈ 1ರಿಂದ ದೇಶಕ್ಕೆಲ್ಲ ಜಾರಿ ಮಾಡಿದರು. ತಟ್ಟೆ, ಲೋಟ, ಚಮಚ, ಫೋರ್ಕ್, ಸ್ಟ್ರಾ, ಟ್ರೇ, ಐಸ್‌ಕ್ರೀಮ್ ಕಡ್ಡಿ, ಬಲೂನಿನ ಕಡ್ಡಿ, ಅಲಂಕಾರದ ಥರ್ಮೋಕೋಲ್, ಸಿಹಿತಿಂಡಿಯ ಡಬ್ಬಿಗೂ ಆಮಂತ್ರಣ ಪತ್ರಿಕೆಗೂ ಸುತ್ತುವ ಹೊಳೆಯುವ ಹಾಳೆ, 100 ಮೈಕ್ರಾನಿಗಿಂತ ತೆಳುವಾದ ಬ್ಯಾನರ್ ಎಲ್ಲ ಇದರೊಳಗೆ ಬಂದವು. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ.

ಕೈಚೀಲದ ವಿಷಯದಲ್ಲಿ ಎರಡೂ ಆದೇಶಗಳ ಮಾತು ಒಂದೇ ಅಲ್ಲ. ಕೇಂದ್ರದ ನಿಯಮ 2022ರ ಕೊನೆಯಿಂದ 120 ಮೈಕ್ರಾನಿಗಿಂತ ತೆಳುವಾದದ್ದನ್ನು ಬೇಡವೆಂದಿತು. ರಾಜ್ಯದ ಆದೇಶದಲ್ಲಿ ದಪ್ಪದ ವಿನಾಯಿತಿಯೇ ಇಲ್ಲ. ‘ಇದು ದಪ್ಪ ಕವರು, ನಡೀತದೆ’ ಎಂದು ಅಂಗಡಿಯವರು ಹೇಳುವ ಮಾತಿಗೆ ಆಧಾರ ಕೇಂದ್ರದ ಆ ಸಾಲು ಮಾತ್ರ.

ಇನ್ನು ನೀರಿನ ಬಾಟಲಿ. ಅದು ಕೇಂದ್ರದ ಆ ಪಟ್ಟಿಯಲ್ಲಿಲ್ಲ. ಚಿಪ್ಸ್ ಪ್ಯಾಕೆಟ್ಟೂ ಇಲ್ಲ. ಅಂಥವಕ್ಕೆ ಸರಕಾರ ಬೇರೆ ದಾರಿ ಹಿಡಿದಿದೆ: ಮಾರುವ ಕಂಪನಿಯೇ ಅಷ್ಟು ಪ್ರಮಾಣದ ಕಸವನ್ನು ವಾಪಸು ಸಂಗ್ರಹಿಸಿ ವಿಲೇವಾರಿಯ ಹೊಣೆ ಹೊರಬೇಕು. ನಿಷೇಧವಿಲ್ಲದ್ದರಿಂದ ನಿರಾಳವಾಗಿ ತರಿಸುತ್ತೇವೆ. ಕಾರ್ಯಕ್ರಮ ಮುಗಿದ ಮೈದಾನದಲ್ಲಿ ಕಣ್ಣಿಗೆ ಹೆಚ್ಚು ಬೀಳುವುದೂ ಅದೇ.

## ಪೇಪರಿನ ವೇಷ ಕಟ್ಟಿದ ಪ್ಲಾಸ್ಟಿಕ್

‘ನಾವು ಪ್ಲಾಸ್ಟಿಕ್ ಬಿಟ್ಟಿದ್ದೇವೆ, ಎಲ್ಲ ಪೇಪರ್’ ಎನ್ನುವ ಸಮಿತಿಗಳು ತುಂಬ ಇವೆ. ಒಂದು ಸಣ್ಣ ಪರೀಕ್ಷೆ ಮಾಡಿ. ಚಹಾದ ಪೇಪರ್ ಕಪ್ಪನ್ನು ಹರಿದು ನೀರಲ್ಲಿ ಹಾಕಿ ಒಂದೆರಡು ತಾಸು ಬಿಡಿ. ಕಾಗದ ಮೆತ್ತಗಾದ ಮೇಲೆ ಒಳಬದಿಯನ್ನು ಉಗುರಲ್ಲಿ ಕೆರೆದರೆ, ಹಾಲಿನ ಕೆನೆಯಂತೆ ತೆಳುವಾದ ಪಾರದರ್ಶಕ ಪೊರೆಯೊಂದು ಎದ್ದು ಬರುತ್ತದೆ. ಅದು ಪಾಲಿಥೀನ್. ಅದಿಲ್ಲದಿದ್ದರೆ ಬಿಸಿ ಚಹಾ ಕಾಗದವನ್ನು ತೋಯಿಸಿ ಕೈಗೇ ಸುರಿಯುತ್ತಿತ್ತು.

ತೊಂದರೆ ಎರಡು. ಕಾಗದ ಮತ್ತು ಪ್ಲಾಸ್ಟಿಕ್ ಬೆಸೆದುಕೊಂಡಿರುವುದರಿಂದ ಕಾಗದದ ಕಾರ್ಖಾನೆಗೂ ಬೇಡ, ಪ್ಲಾಸ್ಟಿಕ್ಕಿನವರಿಗೂ ಬೇಡ. ಗೊಬ್ಬರದ ಗುಂಡಿಗೆ ಹಾಕಿದರೆ ಕಾಗದ ಕರಗಿ ಪೊರೆ ಉಳಿಯುತ್ತದೆ. ಎರಡನೆಯದು ಆರೋಗ್ಯದ್ದು. ಖರಗ್‌ಪುರದ ಐಐಟಿಯವರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಂಥ ಕಪ್ಪಿನಲ್ಲಿ 85ರಿಂದ 90 ಡಿಗ್ರಿ ಬಿಸಿಯ 100 ಮಿ.ಲೀ. ನೀರನ್ನು 15 ನಿಮಿಷ ಇಟ್ಟರೆ ಸುಮಾರು 25,000 ಪ್ಲಾಸ್ಟಿಕ್ ಸೂಕ್ಷ್ಮಕಣಗಳು ಅದರೊಳಗೆ ಬಿಡುಗಡೆಯಾಗುತ್ತವೆ.

ಬಾಳೆಎಲೆಯ ಚಿತ್ರ ಅಚ್ಚಾದ ಹಸಿರು ‘ಪೇಪರ್ ಎಲೆ’ಯದ್ದೂ ಇದೇ ಕತೆ. ಸಾರು ಸುರಿದರೂ ಅದು ನೆನೆಯದೇ ಇರುವ ಗುಟ್ಟು ಅದೇ ಪೊರೆ. ಬೆಳ್ಳಿ ಬಣ್ಣದ ಕಾಗದದ ತಟ್ಟೆಯನ್ನೂ ನೀರಲ್ಲಿ ನೆನೆಸಿ ನೋಡಿ. ಈ ಪರೀಕ್ಷೆಯನ್ನು ಸಮಿತಿಯ ಸಭೆಯಲ್ಲೇ ಮಾಡಿ ತೋರಿಸಿದರೆ ಅರ್ಧ ತಾಸಿನ ಭಾಷಣ ಉಳಿಯುತ್ತದೆ.

## ಬಾಳೆ, ಹಾಳೆ, ‘ಬಯೋ’

ನಮ್ಮ ಕಡೆಯವರಿಗೆ ಪರ್ಯಾಯ ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ. ಹಲಸಿನ ಎಲೆಯಲ್ಲಿ ಕೊಟ್ಟೆ ಕಡುಬು, ಮುಂಡೇವಿನ ಓಲೆಯಲ್ಲಿ ಮೂಡೆ ಬೇಯಿಸುವ ಊರು ಇದು. ಬಾಳೆಎಲೆ ಊಟ ಮುಗಿದ ಮೇಲೆ ದನಕ್ಕೋ ಗೊಬ್ಬರಕ್ಕೋ ಸಲ್ಲುತ್ತದೆ. ಒಂದೇ ಷರತ್ತು: ಎಲೆಯೊಳಗೆ ಚಮಚವೋ ಕವರೋ ಸೇರಿರಬಾರದು. ದನ ಎಲೆಯ ಜೊತೆ ನುಂಗಿದ ಪ್ಲಾಸ್ಟಿಕ್ ಕರಗದೆ ಹೊಟ್ಟೆಯಲ್ಲೇ ಉಂಡೆಗಟ್ಟಿ ಕೂರುತ್ತದೆ.

ಹಾಳೆ ತಟ್ಟೆ ಅಡಿಕೆ ಮರದಿಂದ ತಾನಾಗಿ ಕಳಚಿ ಬಿದ್ದ ಹಾಳೆಯದ್ದು. ತೊಳೆದು ನೆನೆಸಿ ಬಿಸಿ ಅಚ್ಚಿನಲ್ಲಿ ಒತ್ತಿದರೆ ಆಯಿತು, ಅಂಟೂ ಬೇಡ, ಬಣ್ಣವೂ ಬೇಡ. ಅದರ ಶತ್ರು ತೇವ. ಸರಿಯಾಗಿ ಒಣಗಿಸದೆ ಕಟ್ಟಿಟ್ಟರೆ ಬೂಸ್ಟು ಹಿಡಿಯುತ್ತದೆ, ಆದ್ದರಿಂದ ಕಟ್ಟು ಬಿಚ್ಚಿ ನಡುವಿನ ನಾಲ್ಕು ತಟ್ಟೆ ಎತ್ತಿ ನೋಡಿಯೇ ಕೊಳ್ಳಬೇಕು. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ, ಅಡಿಕೆಯಲ್ಲಿರುವ ಸಹಜ ರಾಸಾಯನಿಕಗಳು ಆಹಾರಕ್ಕೆ ಇಳಿಯಬಹುದೆಂಬ ಕಾರಣ ಕೊಟ್ಟು ಈ ತಟ್ಟೆಗಳ ಆಮದಿಗೆ ತಡೆಯೊಡ್ಡಿತು. ಅದು ಆ ದೇಶದ ಆಮದಿನ ಕ್ರಮ. ಇಲ್ಲಿನ ನಿಷೇಧದ ಪಟ್ಟಿಗಳಲ್ಲಿ ಹಾಳೆ ತಟ್ಟೆ ಇಲ್ಲ.

‘ಬಯೋ’ ಎಂದು ಬರೆದುಕೊಂಡು ಬರುವ ಚೀಲ, ಲೋಟಗಳ ವಿಷಯದಲ್ಲಿ ಮಾತ್ರ ಕಣ್ಣು ತೆರೆದಿರಲಿ. ಮುಸುಕಿನ ಜೋಳದ ಪಿಷ್ಟ ಮೊದಲಾದವುಗಳಿಂದ ಮಾಡಿದ, ನಿಜವಾಗಿ ಗೊಬ್ಬರವಾಗಬಲ್ಲ ಪ್ಲಾಸ್ಟಿಕ್ ಇದೆ. ಆದರೆ ಇವುಗಳಲ್ಲಿ ಹೆಚ್ಚಿನವು ಕರಗುವುದಕ್ಕೆ 60 ಡಿಗ್ರಿಯ ಆಸುಪಾಸಿನ ಬಿಸಿ ವಾರಗಟ್ಟಲೆ ಬೇಕು. ಅದು ದೊಡ್ಡ ಗೊಬ್ಬರ ಘಟಕದ ಬಿಸಿ, ತೋಟದ ಮೂಲೆಯ ಗುಂಡಿಯದ್ದಲ್ಲ. ಸಮುದ್ರದ ನೀರಿನದ್ದಂತೂ ಅಲ್ಲವೇ ಅಲ್ಲ. ಕಳುಹಿಸಲು ಅಂಥ ಘಟಕವೇ ಇಲ್ಲದಿದ್ದರೆ ‘ಬಯೋ’ ಲೋಟವೂ ಮಾಮೂಲಿ ಲೋಟದ ಹಾಗೆಯೇ ಬಿದ್ದಿರುತ್ತದೆ, ಕೊಂಡವರ ಸಮಾಧಾನ ಮಾತ್ರ ಬೇರೆ.

## ನೀರಿನ ದೊಡ್ಡ ಲೆಕ್ಕ

ತಟ್ಟೆಯ ಬಗ್ಗೆ ಇಷ್ಟೆಲ್ಲ ಯೋಚಿಸುವ ಸಮಿತಿಗಳು ಸೋಲುವುದು ನೀರಿನಲ್ಲಿ. ಊಟಕ್ಕೆ ಎಲೆ ಒಂದೇ, ನೀರು ಹಾಗಲ್ಲ. ಬಂದಾಗ ಒಂದು ಬಾಟಲಿ, ಊಟಕ್ಕೆ ಕೂತಾಗ ಒಂದು. ಮೊದಲಿನದ್ದು ಕುರ್ಚಿಯ ಕೆಳಗೆ ಅರ್ಧ ಉಳಿದಿರುತ್ತದೆ, ಯಾರದೆಂದು ಗೊತ್ತಾಗದೆ ಇನ್ನೊಂದನ್ನು ಎತ್ತಿಕೊಳ್ಳುತ್ತೇವೆ.

ಒಂದು ಲೆಕ್ಕ ಹಾಕೋಣ. 5,000 ಜನರ ಅನ್ನಸಂತರ್ಪಣೆ, ತಲೆಗೆ 250 ಮಿ.ಲೀ.ನ ಎರಡು ಬಾಟಲಿ. ಒಟ್ಟು 10,000 ಬಾಟಲಿ. ಬಾಟಲಿಗೆ 10 ಗ್ರಾಂ ಎಂದಿಟ್ಟುಕೊಂಡರೆ 100 ಕೆ.ಜಿ. ಪ್ಲಾಸ್ಟಿಕ್. ತೂಕ ನೋಡಿದರೆ ಎರಡು ಮೂಟೆ ಅಕ್ಕಿಯಷ್ಟೇ. ಜಾಗ ನೋಡಿ: ಒಳಗೆಲ್ಲ ಗಾಳಿ. ಗೋಣಿಗೆ ಹತ್ತಿ ತುಂಬಿದ ಹಾಗೆ, ಭಾರವಿಲ್ಲ, ಮುಗಿಯುವುದೂ ಇಲ್ಲ.

ಅದೇ ನೀರು, ಅಂದರೆ 2,500 ಲೀಟರ್, 20 ಲೀಟರಿನ ಕ್ಯಾನುಗಳಲ್ಲಿ ತಂದರೆ 125 ಕ್ಯಾನು. ಸಂಜೆ ಅವು ಬಂದ ಗಾಡಿಯಲ್ಲೇ ವಾಪಸು. ಮೈದಾನದಲ್ಲಿ ಉಳಿಯುವುದು ಸೊನ್ನೆ.

ಹಾಗಾದರೆ ಕುಡಿಯಲು ಲೋಟ? ಇಲ್ಲಿ ಎಲ್ಲರೂ ಹೆದರುತ್ತಾರೆ, ‘ಐದು ಸಾವಿರ ಸ್ಟೀಲ್ ಲೋಟ ಎಲ್ಲಿಂದ ತರುವುದು ಮಾರಾಯ್ರೆ?’ ಎಂದು. ಐದು ಸಾವಿರ ಬೇಕಾಗಿಯೇ ಇಲ್ಲ. ಪಂಕ್ತಿಗೆ 500 ಜನ ಕೂರುತ್ತಾರೆಂದರೆ 1,000 ಲೋಟ ಸಾಕು. ಒಂದು ತಂಡ ಪಂಕ್ತಿಯಲ್ಲಿ, ಇನ್ನೊಂದು ತೊಳೆಯುವಲ್ಲಿ. ಮೂರು ದೊಡ್ಡ ಪಾತ್ರೆ ಸಾಲಾಗಿ ಇಡುತ್ತಾರೆ: ಮೊದಲನೆಯದರಲ್ಲಿ ಎಂಜಲು ಜಾಲಿಸುವುದು, ಎರಡನೆಯದರಲ್ಲಿ ಸೋಪಿನ ನೀರು, ಮೂರನೆಯದರಲ್ಲಿ ಬಿಸಿನೀರು. ಹೇಗೂ ಅಡುಗೆಗೆ ಸೌದೆ ಉರಿಯುತ್ತಿರುತ್ತದೆ, ಪಕ್ಕದಲ್ಲಿ ಒಂದು ಹಂಡೆ ಏರಿಸುವುದು ಹೊಸ ಖರ್ಚಲ್ಲ. ಬೇಕಾಗುವುದು ಜನ. ತೊಳೆಯುವ ಕೆಲಸಕ್ಕೆ ಹೆಸರು ಕೊಡುವವರು ಬಡಿಸುವುದಕ್ಕೆ ಕೊಡುವವರಿಗಿಂತ ಯಾವಾಗಲೂ ಕಡಿಮೆ. ಪಟ್ಟೆ ಶಾಲು ಹೊದ್ದು ಪಾಯಸ ಬಡಿಸಿದರೆ ನಾಲ್ಕು ಜನ ನೋಡುತ್ತಾರೆ, ಹಂಡೆಯ ಹಿಂದೆ ನಿಂತವರನ್ನು ಯಾರು ನೋಡುತ್ತಾರೆ!

ಬೆಂಗಳೂರಿನಲ್ಲಿ ಅದಮ್ಯ ಚೇತನ ಸಂಸ್ಥೆ ‘ಪ್ಲೇಟ್ ಬ್ಯಾಂಕ್’ ನಡೆಸುತ್ತದೆ. ಸಮಾರಂಭದವರು ಸ್ಟೀಲಿನ ತಟ್ಟೆ, ಲೋಟ, ಚಮಚ ಒಯ್ದು, ಬಳಸಿ, ವಾಪಸು ಕೊಡುವ ಏರ್ಪಾಟು. ಹಳ್ಳಿಯ ಮಟ್ಟದಲ್ಲಿ ಯುವಕ ಮಂಡಲವೋ ಮಹಿಳಾ ಸಂಘವೋ ಒಂದು ಸಾವಿರ ಲೋಟ ಇಟ್ಟುಕೊಂಡರೆ ಸುತ್ತಲಿನ ನಾಲ್ಕೈದು ದೇವಸ್ಥಾನ, ಚರ್ಚು, ಶಾಲೆಗಳ ಕೆಲಸ ನಡೆದುಹೋಗುತ್ತದೆ. ಎಲ್ಲರ ಕಾರ್ಯಕ್ರಮವೂ ಒಂದೇ ದಿನ ಬರುವುದು ಅಪರೂಪ. ಹಾಗೆ ಬರುವ ಮುಹೂರ್ತಗಳೂ ಇವೆ ಎನ್ನಿ.

ಕ್ಯಾನಿನ ನೀರಿನ ಬಗ್ಗೆ ಜನರಿಗೆ ಅನುಮಾನವಿದ್ದರೆ ಅದು ಸಹಜವೇ. ಅದಕ್ಕೆ ಜೀರಿಗೆ ಹಾಕಿ ಕುದಿಸಿದ ನೀರು ಇದೆಯಲ್ಲ. ಅದರ ಬಣ್ಣವನ್ನೂ ಹಬೆಯನ್ನೂ ನೋಡಿದರೆ ಕುದಿಸಿದ್ದೆಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ.

## ಡಬ್ಬಿ ಇಟ್ಟರೂ ಯಾಕೆ ಬೆರೆಯುತ್ತದೆ?

ಕೆಲವು ವರ್ಷಗಳ ಹಿಂದೆ ನಮ್ಮೂರಿನ ಬ್ರಹ್ಮಕಲಶದ ಮರುದಿನ ಬೆಳಿಗ್ಗೆ ನಾನು ಸ್ವಚ್ಛತೆಯ ತಂಡದಲ್ಲಿದ್ದೆ. ಒಂದು ಗೋಣಿ ಬಿಚ್ಚಿ ಸುರುವಿದೆವು. ಬಾಳೆಎಲೆ, ಅದಕ್ಕೆ ಅಂಟಿದ ಪಾಯಸದ ಕಪ್, ಕಪ್ಪಿನೊಳಗೆ ತುರುಕಿದ ಟಿಶ್ಯೂ, ಅರ್ಧ ಕುಡಿದ ಬಾಟಲಿಗಳು, ಯಾರದೋ ಮಗುವಿನ ಒಂಟಿ ಚಪ್ಪಲಿ. ಬಾಟಲಿಗಳ ಮುಚ್ಚಳ ತಿರುಗಿಸಿ ನೀರು ಚೆಲ್ಲುವುದರಲ್ಲೇ ನಾಲ್ಕು ಜನರಿಗೆ ಮಧ್ಯಾಹ್ನವಾಯಿತು. ಗುಜರಿಯವರು ಬಂದರು, ಬಗ್ಗಿ ಮೂಸಿದರು. ‘ಇದು ಹುಳಿ ಬಂದಿದೆ ಅಣ್ಣಾ, ಬಾಟ್ಲಿ ಮಾತ್ರ ಕೊಡಿ’ ಎಂದರು. ಉಳಿದದ್ದನ್ನು ಮುಟ್ಟಲಿಲ್ಲ.

ಅಲ್ಲಿ ಹಸಿರು, ನೀಲಿ ಎಂದು ಎರಡು ಡಬ್ಬಿಗಳನ್ನು ನಾವೇ ಇಟ್ಟಿದ್ದೆವು, ಫಲಕವೂ ಇತ್ತು. ಆದರೂ ಹೀಗಾದದ್ದೇಕೆಂದರೆ, ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಮಗುವಿನ ಕೈ ಹಿಡಿದ ಮನುಷ್ಯ ಫಲಕ ಓದುವುದಿಲ್ಲ. ಮೊದಲು ಕಂಡ ಡಬ್ಬಿಗೆ ಹಾಕಿ ಹೋಗುತ್ತಾನೆ. ಅವನ ಹಿಂದಿನವನು ಒಳಗೆ ಏನಿದೆ ಎಂದು ಇಣುಕಿ, ಅದನ್ನೇ ಹಾಕುತ್ತಾನೆ.

ಪಂಕ್ತಿ ಊಟಕ್ಕೂ ಬಫೆಗೂ ಇರುವ ವ್ಯತ್ಯಾಸ ಇಲ್ಲಿದೆ. ಪಂಕ್ತಿಯಲ್ಲಿ ಎಲೆ ತೆಗೆಯುವವರು ಎಂಟೋ ಹತ್ತೋ ಜನ. ಅವರಿಗೆ ಹೇಳಿಕೊಟ್ಟರೆ ಇಡೀ ಊಟದ ಕಸ ಬೇರೆಯಾಗುತ್ತದೆ. ಬಫೆಯಲ್ಲಿ ವಿಂಗಡಿಸಬೇಕಾದವರು ಐದು ಸಾವಿರ ಜನ! ಆದ್ದರಿಂದ ಬಫೆ ಇಟ್ಟರೆ ತಟ್ಟೆ ಹಾಕುವ ಜಾಗ ಒಂದೆರಡೇ ಇರಬೇಕು, ಅಲ್ಲಿ ಒಬ್ಬರು ನಿಂತಿರಬೇಕು. ಬಾಟಲಿ ಇದ್ದೇ ಇರುತ್ತದೆಂದಾದರೆ ಉಳಿದ ನೀರು ಸುರಿಯಲು ಒಂದು ಬಕೆಟ್, ಅದರ ಪಕ್ಕದಲ್ಲಿ ಬಾಟಲಿ ಮಾತ್ರ ತೂರುವಷ್ಟು ದುಂಡು ತೂತಿನ ಮುಚ್ಚಳವಿರುವ ಡಬ್ಬಿ. ತೂತು ಫಲಕಕ್ಕಿಂತ ಚೆನ್ನಾಗಿ ಮಾತಾಡುತ್ತದೆ.

ಬೆರೆತರೆ ಅಷ್ಟೇನು ನಷ್ಟ? ಒಂದು ಮೂಟೆ ಅಕ್ಕಿಗೆ ಕಾಲು ಲೀಟರ್ ಸೀಮೆಎಣ್ಣೆ ಚೆಲ್ಲಿದ ಹಾಗೆ. ಒಣ ಪ್ಲಾಸ್ಟಿಕ್ಕಿಗೆ ಬೆಲೆ ಇದೆ, ಸಾಂಬಾರು ಮೆತ್ತಿದ್ದಕ್ಕಿಲ್ಲ. ಬಾಟಲಿಯನ್ನೇ ನೋಡಿ: ಬಾಟಲಿಯ ಮೈ ‘ಪೆಟ್’ ಎಂಬ ಜಾತಿಯದ್ದು, ಮುಚ್ಚಳ ಬೇರೆ ಜಾತಿಯದ್ದು. ಎರಡನ್ನೂ ತುಂಡು ಮಾಡಿ ಬಕೆಟ್ ನೀರಿಗೆ ಹಾಕಿದರೆ ಬಾಟಲಿಯ ತುಂಡು ಮುಳುಗುತ್ತದೆ, ಮುಚ್ಚಳದ್ದು ತೇಲುತ್ತದೆ. ಮರುಬಳಕೆಯ ಕಾರ್ಖಾನೆಗಳು ಎರಡನ್ನೂ ಬೇರ್ಪಡಿಸುವುದು ಇದೇ ಉಪಾಯದಲ್ಲಿ. ಅನ್ನದ ಅಗುಳು, ಎಣ್ಣೆ ಸೇರಿಕೊಂಡರೆ ತೊಳೆಯುವ ಖರ್ಚೇ ಮಾಲಿನ ಬೆಲೆಯನ್ನು ನುಂಗುತ್ತದೆ.

ಬೇರ್ಪಡಿಸಿ ಕೊಟ್ಟರೆ ಮುಂದಿನ ದಾರಿ ನಮ್ಮಲ್ಲಿದೆ. ಉಡುಪಿ ಜಿಲ್ಲೆಯ ನಿಟ್ಟೆಯಲ್ಲಿ, ದಕ್ಷಿಣ ಕನ್ನಡದ ತೆಂಕ ಎಡಪದವಿನಲ್ಲಿ ಪಂಚಾಯತಿಗಳ ಒಣ ಕಸವನ್ನು ತಂದು ಜಾತಿವಾರು ವಿಂಗಡಿಸುವ ಘಟಕಗಳಿವೆ. ಮರುಬಳಕೆಗೆ ಬರುವುದನ್ನು ಒತ್ತಿ ಬೇಲು ಕಟ್ಟಿ ಕಾರ್ಖಾನೆಗಳಿಗೆ ಮಾರಬಹುದು. ಯಾವುದಕ್ಕೂ ಬಾರದ ಪದರ ಪದರದ ಪ್ಯಾಕೆಟ್ಟುಗಳಂಥದ್ದನ್ನು ಸಿಮೆಂಟ್ ಕಾರ್ಖಾನೆಗಳ ಗೂಡಿನಲ್ಲಿ ಇಂಧನವಾಗಿ ಉರಿಸುವ ಕ್ರಮ ಇದೆ.

ಬೇರ್ಪಡಿಸದಿದ್ದರೆ ಉಳಿಯುವುದು ರಾಶಿ. ಮಂಗಳೂರಿನ ಪಚ್ಚನಾಡಿಯಲ್ಲಿ ವರ್ಷಗಟ್ಟಲೆ ಸುರಿದ ಕಸದ ಗುಡ್ಡ 2019ರ ಆಗಸ್ಟಿನ ಮಳೆಗೆ ಜಾರಿ ಕೆಳಗಿನ ಮಂದಾರದ ಕಡೆ ಹರಿಯಿತು. ತೆಂಗು, ಅಡಿಕೆ ತೋಟಗಳೂ ಮನೆಗಳೂ ಅದರಡಿಗೆ ಬಂದು ಅಲ್ಲಿನವರು ಊರು ಬಿಡಬೇಕಾಯಿತು. ಮಣ್ಣು ಜಾರುವುದನ್ನು ಕಂಡಿದ್ದ ಜಿಲ್ಲೆ ಕಸ ಜಾರುವುದನ್ನೂ ಕಂಡಿತು.

‘ಒಂದು ಕಡ್ಡಿ ಗೀರಿದರೆ ಮುಗಿಯಿತಲ್ಲ’ ಎನ್ನುವವರು ಪ್ರತಿ ಊರಲ್ಲೂ ಒಬ್ಬರಿರುತ್ತಾರೆ. ತೆರೆದ ಬೆಂಕಿಯಲ್ಲಿ ಫ್ಲೆಕ್ಸಿನಂಥ ಪಿವಿಸಿ ಉರಿದರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಸಿಮೆಂಟ್ ಗೂಡಿನ ಸಾವಿರಕ್ಕೂ ಮೀರಿದ ಡಿಗ್ರಿಯ ಬಿಸಿ ಗದ್ದೆಯ ಬೆಂಕಿಗಿಲ್ಲ. ಬಯಲಲ್ಲಿ ಕಸ ಸುಡುವವರಿಗೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಾದರೆ 25,000 ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ ಹೇಳಿದೆ.

## ಪಟ್ಟಿ ಬರೆಯುವ ದಿನ

ಇಷ್ಟೆಲ್ಲ ನೋಡಿದ ಮೇಲೆ ನನಗನಿಸುವುದು, ಕಾರ್ಯಕ್ರಮದ ದಿನ ಮಾಡುವುದಕ್ಕೆ ಉಳಿದಿರುವುದು ಬಹಳ ಸ್ವಲ್ಪ. ಕಸ ಎಷ್ಟಾಗಬೇಕು ಎಂಬುದು ತಿಂಗಳ ಮೊದಲೇ, ಅಡುಗೆಯವರು ಕೂತು ಸಾಮಾನು ಪಟ್ಟಿ ಬರೆಸುವಾಗಲೇ ತೀರ್ಮಾನವಾಗಿರುತ್ತದೆ. ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ ಎಂದು ಬರೆಸುತ್ತ ಬಂದು ಕೊನೆಗೆ ‘ಲೋಟ, ಪ್ಲೇಟು, ರೋಲು, ನೀರು’ ಎಂದು ಒಂದೇ ಉಸಿರಲ್ಲಿ ಮುಗಿಸುತ್ತಾರೆ. ಆ ನಾಲ್ಕು ಪದಗಳ ಮೇಲೆ ಹತ್ತು ನಿಮಿಷ ನಿಲ್ಲಬೇಕು. ಮೇಜಿಗೆ ರೋಲ್ ಯಾಕೆ, ಎಲೆ ತೆಗೆದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಲದೇ? ಮೊಸರು ಸಣ್ಣ ಪ್ಯಾಕೆಟ್ಟಿನಲ್ಲೇ ಬರಬೇಕೇ, ಕ್ಯಾನಿನಲ್ಲಿ ಸಿಗುತ್ತದೆಯೇ? ಪಾಯಸವನ್ನು ಎಲೆಗೇ ಬಡಿಸಿದರೆ ಕಪ್ಪೇ ಬೇಡ, ಬೆರಳಲ್ಲಿ ಬಳಿದು ತಿನ್ನುವ ಸುಖವೂ ಉಳಿಯುತ್ತದೆ. ಪ್ರಸಾದಕ್ಕೆ ಕವರಿನ ಬದಲು ಬಾಳೆಎಲೆಯ ತುಂಡು. ಹಳೆಯ ಪತ್ರಿಕೆಯಲ್ಲಿ ಮಾತ್ರ ಕಟ್ಟಬೇಡಿ, ಅದರ ಶಾಯಿ ಆಹಾರಕ್ಕೆ ಇಳಿಯುತ್ತದೆಂದು ಆಹಾರ ಸುರಕ್ಷತಾ ಪ್ರಾಧಿಕಾರವೇ ಎಚ್ಚರಿಸಿದೆ.

ಶುಭಕೋರುವ ಫ್ಲೆಕ್ಸುಗಳದ್ದು ಬೇರೆಯೇ ರಾಜಕೀಯ, ಅದಕ್ಕೆ ನಾನು ಕೈ ಹಾಕುವುದಿಲ್ಲ. ನಮ್ಮಲ್ಲಿ ಅವು ಎರಡನೇ ಜನ್ಮ ಪಡೆಯುತ್ತವೆಂಬುದು ನಿಜ. ಮಳೆಗಾಲದಲ್ಲಿ ಯಾವ ಮನೆಯ ಸೌದೆ ರಾಶಿ ನೋಡಿದರೂ ಮೇಲೆ ಯಾರಾದರೊಬ್ಬ ಮುಖಂಡರು ಕೈಮುಗಿದು ಮಳೆಯಲ್ಲಿ ನೆನೆಯುತ್ತಿರುತ್ತಾರೆ. ಎರಡನೆಯ ಮಳೆಗಾಲಕ್ಕೆ ಅದೇ ಫ್ಲೆಕ್ಸು ಬಿಸಿಲಿಗೆ ಸುಲಿದು ಚೂರುಚೂರಾಗಿ ಅಂಗಳದಲ್ಲಿ ಉದುರುತ್ತದೆ.

ಕಾಗದದ ಕೆಲಸವೂ ಒಂದಿದೆ. ಕಾರ್ಯಕ್ರಮಕ್ಕೆಂದು ಪರವಾನಗಿ ಇಲ್ಲದ ಜಾಗದಲ್ಲಿ 100ಕ್ಕಿಂತ ಹೆಚ್ಚು ಜನ ಸೇರಿಸುವುದಾದರೆ ಕನಿಷ್ಠ ಮೂರು ಕೆಲಸದ ದಿನ ಮೊದಲು ಸ್ಥಳೀಯ ಸಂಸ್ಥೆಗೆ ತಿಳಿಸಬೇಕು, ಕಸವನ್ನು ವಿಂಗಡಿಸಿಯೇ ಒಪ್ಪಿಸಬೇಕು ಎಂದು 2016ರ ಘನತ್ಯಾಜ್ಯ ನಿಯಮ ಹೇಳಿತು. ಗದ್ದೆಯಲ್ಲಿ ಚಪ್ಪರ ಹಾಕಿ ಮಾಡುವ ಮದುವೆಯೂ ಇದರೊಳಗೆ ಬರುತ್ತದೆಂದು ಎಷ್ಟೋ ಜನರಿಗೆ ಗೊತ್ತಿಲ್ಲ. ಮೊದಲೇ ತಿಳಿಸಿದರೆ ನಮಗೇ ಅನುಕೂಲ, ಒಣ ಕಸದ ಗಾಡಿ ಯಾವಾಗ ಬರುತ್ತದೆಂದು ಅವತ್ತೇ ಗೊತ್ತುಮಾಡಿಕೊಳ್ಳಬಹುದು.

ಗಾಡಿ ಬಂದಾಗ ಗೋಣಿಗಳನ್ನು ಹಾಗೆಯೇ ಎತ್ತಿ ಹಾಕದೆ ತರಕಾರಿ ತೂಗಿದ ತಕ್ಕಡಿಯಲ್ಲೇ ಒಮ್ಮೆ ತೂಗಿಸಿ. ಬಾಟಲಿ ಇಷ್ಟು, ಕವರು ಇಷ್ಟು, ಯಾವುದಕ್ಕೂ ಬಾರದ್ದು ಇಷ್ಟು ಎಂದು ಜಮಾಖರ್ಚಿನ ಪುಸ್ತಕದಲ್ಲಿ, ಹೂವಿನ ಖರ್ಚಿನ ಕೆಳಗೆ ಬರೆದಿಡಿ. ಮುಂದಿನ ವರ್ಷ ಪಟ್ಟಿ ಬರೆಯಲು ಕೂತವರು ಆ ಪುಟವನ್ನೇ ಮೊದಲು ತೆರೆಯುತ್ತಾರೆ.